ಕೆಂಪು ದಾರದ 46 ಸಾಲುಗಳು: ಎಲಿಜಬೆತ್ ಪಾರ್ಕರ್ ಹೊಲಿದಿಟ್ಟ ಬದುಕು

ಗವಂತಿ
ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದವಳು ನಾನು. ಎಷ್ಟೋ ಮಾದರಿ ಬಟ್ಟೆಗಳಿಗೆ ಅಂಕ ಕೊಟ್ಟಿದ್ದೇನೆ. ಎಳೆ ಸಡಿಲವಾಗಿದೆ, ಹಿಂಬದಿಯಲ್ಲಿ ಗಂಟು ಕಾಣುತ್ತಿದೆ ಎಂದು ಅಂಕ ಕಳೆದಿದ್ದೇನೆ. ಕಳೆದ ವಾರ ನೋಡಿದ ಒಂದು ಬಟ್ಟೆ ಮಾತ್ರ ನನ್ನನ್ನು ಕೂರಲೂ ಬಿಡುತ್ತಿಲ್ಲ, ಮಲಗಲೂ ಬಿಡುತ್ತಿಲ್ಲ. ಅದಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದ ಸಂಗ್ರಹದಲ್ಲಿ ಅದು ಇದೆ. ಇಂಥ ಮಾದರಿ ಹೊಲಿಗೆಯ ಬಟ್ಟೆಗೆ ಇಂಗ್ಲಿಷಿನಲ್ಲಿ ಸ್ಯಾಂಪ್ಲರ್ ಎನ್ನುತ್ತಾರೆ. ಸುಮಾರು 86 ಸೆಂಟಿಮೀಟರ್ ಎತ್ತರ, 74 ಸೆಂಟಿಮೀಟರ್ ಅಗಲದ ಲಿನನ್ ಬಟ್ಟೆ. ಅದರ ಮೇಲೆ ಕೆಂಪು ರೇಷ್ಮೆ ದಾರದ ಕ್ರಾಸ್ ಸ್ಟಿಚ್, ಅಂದರೆ ಗುಣಾಕಾರ ಚಿಹ್ನೆಯಂಥ ಹೊಲಿಗೆ. ಹೊಲಿದದ್ದು 1830ರ ಸುಮಾರಿಗೆ. ಹೂಬಳ್ಳಿ ಇಲ್ಲ, ಹಕ್ಕಿ ಇಲ್ಲ, ಅಂಚು ಕೂಡ ಇಲ್ಲ. ಮೇಲಿನಿಂದ ಕೆಳಕ್ಕೆ ಬರೀ ಅಕ್ಷರ, 46 ಸಾಲು. ದೂರದಿಂದ ನೋಡಿದರೆ ಕೆಂಪು ಗೆರೆ ಎಳೆದ ಹಾಳೆಯಂತೆ ಕಾಣುತ್ತದೆ. ಹೊಲಿದವಳ ಹೆಸರು ಎಲಿಜಬೆತ್ ಪಾರ್ಕರ್. ಆಗ ಅವಳಿಗೆ ಹದಿನೇಳರ ಆಸುಪಾಸು.

ಮೊದಲ ಸಾಲಿನ ಅರ್ಥ ಹೀಗೆ: "ನನಗೆ ಬರೆಯಲು ಬಾರದ ಕಾರಣ ಇದನ್ನು ಸರಳವಾಗಿ, ಬಿಚ್ಚುಮನಸ್ಸಿನಿಂದ ಇಲ್ಲಿ ಇಡುತ್ತಿದ್ದೇನೆ, ಯಾರ ಸಲಿಗೆಗೂ ಮಮತೆಗೂ ನನ್ನನ್ನು ಪೂರ್ತಿ ಒಪ್ಪಿಸಿಕೊಳ್ಳಬಲ್ಲೆನೋ, ನನ್ನ ದೌರ್ಬಲ್ಯಗಳನ್ನೆಲ್ಲ ಯಾರು ಸಹಿಸಿಕೊಳ್ಳುವರೋ, ಅಂಥವರೊಡನೆ ಮಾತನಾಡುವಂತೆ."

ಅಲ್ಲಿಂದ ತನ್ನ ಬದುಕನ್ನು ಹೇಳುತ್ತಾ ಹೋಗುತ್ತಾಳೆ. ಹುಟ್ಟಿದ್ದು 1813ರಲ್ಲಿ, ಸಸೆಕ್ಸ್ ಪ್ರಾಂತ್ಯದ ಆ್ಯಷ್‌ಬರ್ನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿನ ಜಮೀನುದಾರ ಪ್ರಭುವಾದ ಅರ್ಲ್‌ನ ಜಮೀನಿನಲ್ಲಿ ಕೂಲಿ. ತಾಯಿ ಅರ್ಲ್‌ನ ಹೆಂಡತಿ ನಡೆಸುತ್ತಿದ್ದ ಧರ್ಮಾರ್ಥ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮಕ್ಕಳು ಹನ್ನೊಂದು. ಆ ಹನ್ನೊಂದು ಹೆಸರುಗಳನ್ನೂ ಒಂದೊಂದಾಗಿ ಹೊಲಿದಿದ್ದಾಳೆ. ಹದಿಮೂರರಲ್ಲಿ ಮನೆ ಬಿಟ್ಟು ಪಿ ಎಂಬ ಕುಟುಂಬದ ಮಕ್ಕಳನ್ನು ನೋಡಿಕೊಳ್ಳಲು ಹೋದಳು. ಅದು ಒಳ್ಳೆಯ ಮನೆ. ಆದರೆ ಅಪ್ಪ ಅಮ್ಮನ ಮಾತು ಮೀರಿ ಅದನ್ನು ಬಿಟ್ಟು, ಹೇಸ್ಟಿಂಗ್ಸ್ ಬಳಿಯ ಫೇರ್‌ಲೈಟ್‌ನಲ್ಲಿ ಲೆಫ್ಟಿನೆಂಟ್ ಜಿ ಎಂಬುವನ ಮನೆಗೆ ಕೆಲಸದವಳಾಗಿ ಸೇರಿದಳು. ಅಲ್ಲಿ ನಡೆದದ್ದನ್ನು ಹೇಳಲಾಗದಷ್ಟು ಘೋರ ಎನ್ನುತ್ತಾಳೆ. ಯಜಮಾನನ ಕೆಟ್ಟ ಉದ್ದೇಶದಿಂದ ತಪ್ಪಿಸಿಕೊಳ್ಳಲು ಹೋದಾಗ ಅವಳನ್ನು ಮೆಟ್ಟಿಲಿನಿಂದ ಕೆಳಕ್ಕೆ ಎಸೆದರು.

ಆಮೇಲಿನ ಸಾಲುಗಳು ಸಾಯಬೇಕೆನಿಸುವ ಮನಸ್ಸಿನ ಜೊತೆಗಿನ ಹೋರಾಟ, ದೇವರ ಎದುರು ಮೊರೆ, ಪಾಪದ ಭಯ. ಕೊನೆಗೆ "ನನ್ನ ಆತ್ಮದ ಗತಿ ಏನಾದೀತು" ಎಂಬಲ್ಲಿಗೆ ಬಂದು ಹೊಲಿಗೆ ನಿಂತುಬಿಡುತ್ತದೆ. ಪೂರ್ಣವಿರಾಮವಿಲ್ಲ, ಹೆಸರಿಲ್ಲ, ತಾರೀಖಿಲ್ಲ. ಕೆಳಗೆ ಬಟ್ಟೆ ಖಾಲಿ ಉಳಿದಿದೆ.

ಈ ಬಟ್ಟೆಯನ್ನು ನೋಡಿದವರು, ಇಂಥದ್ದನ್ನು ಮನೆಯಲ್ಲಿ ಇಟ್ಟುಕೊಂಡವರು ದಯವಿಟ್ಟು ಬರೆಯಿರಿ.

ತುಂಗೆಯ ದಡ
ಮೇಡಂ, ಓದಿ ಸುಮ್ಮನೆ ಕುಳಿತುಬಿಟ್ಟೆ. ನನಗೆ ಹೊಲಿಗೆಯ ಗಂಧವಿಲ್ಲ. ಸ್ಯಾಂಪ್ಲರ್ ಎಂದರೆ ನಮ್ಮ ಅತ್ತೆ ಮನೆಯ ನಡುಮನೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ತೂಗುಹಾಕಿದ್ದ, ಎರಡು ಗಿಳಿಗಳ ನಡುವೆ "ಸುಸ್ವಾಗತ" ಎಂದು ಬರೆದಿದ್ದ ಬಟ್ಟೆಯಂಥದ್ದೇ?

ಅಗಸೆಹೂ
@ತುಂಗೆಯ ದಡ, ಹೌದು ಸರ್, ಅದು ಇದರ ದೂರದ ನೆಂಟ. ಮೊದಮೊದಲು ಸ್ಯಾಂಪ್ಲರ್ ಗೋಡೆಗೆ ಹಾಕುವ ವಸ್ತುವೇ ಆಗಿರಲಿಲ್ಲ. ಅಚ್ಚಾದ ಮಾದರಿ ಪುಸ್ತಕಗಳು ಅಪರೂಪವಾಗಿದ್ದ ಕಾಲದಲ್ಲಿ ಕಂಡ ಹೊಲಿಗೆಯನ್ನು ಮರೆಯದಿರಲು ಒಂದು ಬಟ್ಟೆಯ ಮೇಲೆ ಹಾಕಿ ಸುತ್ತಿಡುತ್ತಿದ್ದರು. ಅಜ್ಜಿಯರು ರಂಗೋಲಿ ಬರೆದಿಟ್ಟುಕೊಂಡ ನೋಟುಪುಸ್ತಕ ಇರುತ್ತದಲ್ಲ, ಹಾಗೆ. ಬ್ರಿಟನ್ನಿನಲ್ಲಿ ಇಸವಿ ನಮೂದಾಗಿರುವ ಅತ್ಯಂತ ಹಳೆಯದು ಜೇನ್ ಬಾಸ್ಟಾಕ್ ಎಂಬಾಕೆ 1598ರಲ್ಲಿ ಹೊಲಿದದ್ದು. ಅದೂ ಇದೇ ಸಂಗ್ರಹಾಲಯದಲ್ಲಿದೆ. 1596ರ ನವೆಂಬರ್ 23ರ ಮಂಗಳವಾರ ಮಧ್ಯಾಹ್ನ ಆಲಿಸ್ ಲೀ ಎಂಬ ಮಗು ಹುಟ್ಟಿತು ಎಂದು ಅದರಲ್ಲಿ ಹೊಲಿದಿದೆ.

ಮುಂದೆ ಅದು ಹುಡುಗಿಯರ ಪಾಠವಾಯಿತು. ಹತ್ತು ವರ್ಷದ ಮಗು ಅಕ್ಷರಮಾಲೆ, ಅಂಕಿ, ಒಂದು ದೇವರ ವಚನ, ಒಂದು ಮನೆ, ಎರಡು ಮರ ಹೊಲಿದು, ಕೊನೆಗೆ ತನ್ನ ಹೆಸರು ಮತ್ತು ವಯಸ್ಸು ಹಾಕುತ್ತಿತ್ತು. ಬಡ ಮಕ್ಕಳಿಗೆ ಇದು ಅಲಂಕಾರಕ್ಕಲ್ಲ, ಹೊಟ್ಟೆಪಾಡಿಗೆ. ದೊಡ್ಡ ಮನೆಗಳಲ್ಲಿ ಹಾಸಿಗೆಯ ಹೊದಿಕೆ, ಮೇಜುಬಟ್ಟೆ, ಟವೆಲುಗಳ ಮೂಲೆಯಲ್ಲಿ ಯಜಮಾನರ ಹೆಸರಿನ ಮೊದಲಕ್ಷರ ಮತ್ತು ಒಂದು ಸಂಖ್ಯೆಯನ್ನು ಕ್ರಾಸ್ ಸ್ಟಿಚ್‌ನಲ್ಲಿ, ಸಾಮಾನ್ಯವಾಗಿ ಕೆಂಪು ದಾರದಲ್ಲಿ, ಗುರುತು ಹಾಕುತ್ತಿದ್ದರು. ಒಗೆಯಲು ಹೋದ ಬಟ್ಟೆ ಕಳೆಯಬಾರದಲ್ಲ. ಹಾಗೆ ಗುರುತು ಹಾಕಲು ಬಲ್ಲ ಹುಡುಗಿಗೆ ಕೆಲಸ ಸುಲಭವಾಗಿ ಸಿಗುತ್ತಿತ್ತು. ಎಲಿಜಬೆತ್ ಕಲಿತದ್ದೂ ಅದೇ ವಿದ್ಯೆ.

ನೀಲಿಶಾಯಿ
ಒಂದು ಅನುಮಾನ ಕೇಳುತ್ತೇನೆ, ಯಾರೂ ಬೇಸರಿಸಬೇಡಿ. 46 ಸಾಲು ಅಕ್ಷರ ಹೊಲಿದವಳು, ತಾಯಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು, "ನನಗೆ ಬರೆಯಲು ಬಾರದು" ಎನ್ನುವುದನ್ನು ಹೇಗೆ ನಂಬುವುದು? ಕಾಗುಣಿತ ಗೊತ್ತಿಲ್ಲದೆ ಹೊಲಿಯಲು ಸಾಧ್ಯವೇ? ಇದು ವಿನಯದ ಮಾತೋ, ಅಥವಾ ಮುಂದೆ ಯಾರೋ ಸೇರಿಸಿದ ಕಥೆಯೋ?

ಗವಂತಿ
@ನೀಲಿಶಾಯಿ, ಸೇರಿಸಿದ ಕಥೆಯಲ್ಲ. ಆ ಮಾತು ಬಟ್ಟೆಯ ಮೇಲೆಯೇ ಇದೆ.

ಓದುವುದು, ಬರೆಯುವುದು ಎರಡನ್ನೂ ಒಂದೇ ಎಂದು ನಾವು ತಿಳಿದಿದ್ದೇವೆ. ಆ ಕಾಲದ ಇಂಗ್ಲೆಂಡಿನಲ್ಲಿ ಅವು ಎರಡು ಬೇರೆ ವಿದ್ಯೆಗಳು. ಮೊದಲು ಓದು, ಬಹಳ ಆಮೇಲೆ ಬರಹ. ಬಡವರ ಮಕ್ಕಳಿಗೆ ಬೈಬಲ್ ಓದಲು ಬಂದರೆ ಸಾಕು, ಬರೆಯುವುದನ್ನು ಕಲಿಸಿದರೆ ತಮ್ಮ ಅಂತಸ್ತು ಮೀರುತ್ತಾರೆ ಎಂದು ವಾದಿಸಿದವರು ಬಹಳ ಮಂದಿ ಇದ್ದರು. ಹೆಣ್ಣುಮಕ್ಕಳಿಗೆ ಲೇಖನಿಯ ಬದಲು ಸೂಜಿ ಸಿಗುತ್ತಿತ್ತು. ಆದ್ದರಿಂದ ಅಕ್ಷರ ಗುರುತಿಸಬಲ್ಲ, ಅಕ್ಷರ ಹೊಲಿಯಬಲ್ಲ, ಆದರೆ ಗರಿಯ ಲೇಖನಿ ಹಿಡಿದರೆ ಕೈ ಓಡದ ಹುಡುಗಿ ಆಗ ವಿಚಿತ್ರವಲ್ಲ.

ನನಗೆ ಅನಿಸುವುದನ್ನೂ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಒಂದು ಹುಡುಗಿ ಇದ್ದಳು. ಮನೆಯಲ್ಲಿ ಏನಾಯಿತು ಎಂದು ಕೇಳಿದರೆ ತುಟಿ ಬಿಚ್ಚುತ್ತಿರಲಿಲ್ಲ. ಅವಳ ಕೈಗೆ ಒಂದು ಬಟ್ಟೆ ಸೂಜಿ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದೆ. ಕಣ್ಣು ಹೊಲಿಗೆಯ ಮೇಲಿರುವಾಗ ಮಾತು ತಾನಾಗಿ ಬರುತ್ತಿತ್ತು, ಅದೂ ಅರ್ಧರ್ಧ. "ಬರೆಯಲು ಬಾರದು" ಎಂಬುದಕ್ಕೆ ಹಾಗೆ ಇನ್ನೊಂದು ಅರ್ಥವೂ ಇದ್ದೀತು. ಎರಡೂ ನಿಜವಾಗಿರಲು ಅಡ್ಡಿ ಏನಿದೆ?

ನೀಲಿಶಾಯಿ
ಒಪ್ಪಿದೆ ಮೇಡಂ. ನನ್ನ ಅಜ್ಜಿ ಗದುಗಿನ ಭಾರತವನ್ನು ರಾಗವಾಗಿ ಓದುತ್ತಿದ್ದಳು, ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದಳು. ಕಣ್ಣೆದುರು ಕಂಡದ್ದನ್ನೇ ಮರೆತು ಪ್ರಶ್ನೆ ಕೇಳಿದೆ.

ಚಂದ್ರಕಾಳಿ
ಎಲ್ಲರಿಗೂ ನಮಸ್ಕಾರ. ಗವಂತಿ ಅಕ್ಕನ ಬರಹ ಓದಿದ ರಾತ್ರಿಯೇ ಒಂದು ಮ್ಯಾಟಿ ಬಟ್ಟೆಯ ತುಂಡು, ಕೆಂಪು ದಾರ ತೆಗೆದುಕೊಂಡು ಕುಳಿತೆ. ಅವಳ ಮೊದಲ ವಾಕ್ಯವನ್ನು ಕನ್ನಡದಲ್ಲಿ ಹೊಲಿದು ನೋಡೋಣ, ಎಷ್ಟು ಹೊತ್ತು ಹಿಡಿಯುತ್ತದೆ ತಿಳಿಯಲಿ ಎಂದು.

ಒಂದೊಂದು ಅಕ್ಷರಕ್ಕೆ ಏಳು ಮನೆ, ಅಂದರೆ ಬಟ್ಟೆಯ ಏಳು ಚೌಕ, ಎತ್ತರ ಇಟ್ಟುಕೊಂಡೆ. "ನನಗೆ" ಎಂಬ ಮೂರು ಅಕ್ಷರಕ್ಕೆ ಒಂದು ಗಂಟೆ ಹತ್ತು ನಿಮಿಷ. ನಮ್ಮ ಲಿಪಿಯಲ್ಲಿ ಎಲ್ಲವೂ ಗುಂಡು, ಕ್ರಾಸ್ ಸ್ಟಿಚ್‌ನಲ್ಲಿ ಎಲ್ಲವೂ ಚೌಕ. ನ ಅಕ್ಷರದ ಹೊಟ್ಟೆಯನ್ನು ಮೆಟ್ಟಿಲು ಮೆಟ್ಟಿಲಾಗಿ ತಿರುಗಿಸಬೇಕು. ತಲೆಕಟ್ಟಿಗೆ ಒಂದು ಮನೆ ಹೆಚ್ಚಾದರೆ ಅಕ್ಷರ ಬೇರೆಯೇ ಆಗಿಬಿಡುತ್ತದೆ. "ಬರೆಯಲು ಬಾರದ ಕಾರಣ" ಮುಗಿಯುವಾಗ ಮೂರು ಸಂಜೆ ಕಳೆದಿದ್ದವು. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡಬೇಕೆಂಬುದು ಹೊಳೆಯಲೇ ಇಲ್ಲ. ಎರಡನೆಯ ಸಾಲಿನ ತಲೆಕಟ್ಟು ಮೊದಲ ಸಾಲಿನ ಒತ್ತಿಗೆ ಬಡಿಯಿತು. ಬಿಚ್ಚಿದೆ. ಬಿಚ್ಚಿದ ಜಾಗದಲ್ಲಿ ಬಟ್ಟೆಯ ಕಣ್ಣುಗಳು ಅಗಲವಾಗಿ ಉಳಿದವು, ಸುತ್ತ ಸ್ವಲ್ಪ ಕೆಂಪು ಜುಂಗು. ತಪ್ಪಾದದ್ದು ಹೋಗಲೇ ಇಲ್ಲ, ಗುರುತು ಬಿಟ್ಟುಹೋಯಿತು.

ನನ್ನದು ಮನೆ ಎಣಿಸಲೆಂದೇ ನೇಯ್ದ ಬಟ್ಟೆ, ಎದುರಿಗೆ ಟ್ಯೂಬ್‌ಲೈಟ್. ಅವಳದು ಸಾದಾ ನೇಯ್ಗೆಯ ಲಿನನ್, ಎಳೆ ಎಣಿಸಿ ಎಣಿಸಿ ಸೂಜಿ ಚುಚ್ಚಬೇಕು. ಬೆಳಕು ಕಿಟಕಿಯದು ಅಥವಾ ಮೇಣದಬತ್ತಿಯದು. ಅಂಥಲ್ಲಿ ನೂರಾರು ಪದ!

ಒಂದು ವಿಷಯ ಕೈಗೆ ತಿಳಿಯಿತು, ಹೇಳದೆ ಇರಲಾರೆ. ಕೋಪದಲ್ಲಿ ಬರೆಯಬಹುದು, ಅಳುತ್ತಾ ಬರೆಯಬಹುದು. ಅಳುತ್ತಾ ಎಳೆ ಎಣಿಸಲು ಆಗುವುದಿಲ್ಲ. ಮೆಟ್ಟಿಲಿನಿಂದ ಎಸೆದರು ಎಂಬ ಮಾತನ್ನು ಹೊಲಿಯಲು ಅವಳಿಗೆ ಎಷ್ಟು ಸಂಜೆ ಬೇಕಾಗಿರಬಹುದು? ಅಷ್ಟು ಸಂಜೆಯೂ ಆ ಮೆಟ್ಟಿಲ ಮೇಲೆಯೇ ನಿಂತಿರಬೇಕಲ್ಲ, ಕೈ ನಡುಗದಂತೆ.

ತುಂಗೆಯ ದಡ
@ಚಂದ್ರಕಾಳಿ, ಅಕ್ಕಾ, ನಿಮ್ಮ ಆ ತುಂಡನ್ನು ಎಸೆಯಬೇಡಿ.

ಹಿತ್ತಲ ಬಾಗಿಲು
ಬಹಳ ಹೊತ್ತು ಯೋಚಿಸಿ ಬರೆಯುತ್ತಿದ್ದೇನೆ. ನನ್ನ ತಾಯಿ ಹನ್ನೊಂದನೆಯ ವಯಸ್ಸಿನಲ್ಲಿ ಪಟ್ಟಣದ ಒಂದು ದೊಡ್ಡ ಮನೆಗೆ ಮಗು ಎತ್ತಿಕೊಳ್ಳಲು ಸೇರಿದವಳು. ಊಟ ಬಟ್ಟೆ ಕೊಟ್ಟರೆ ಸಾಕು ಎಂದು ತಾತ ಬಿಟ್ಟುಬಂದಿದ್ದರಂತೆ. ಅಲ್ಲಿಂದ ಎರಡು ವರ್ಷಕ್ಕೆ ರಾತ್ರೋರಾತ್ರಿ ಓಡಿಬಂದಳು. ಏಕೆ ಎಂದು ನಾವು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆ ಮನೆಯವರನ್ನು ಇಂದಿಗೂ "ಸಾಹುಕಾರರು" ಎಂದೇ ಕರೆಯುತ್ತಾಳೆ, ಹೆಸರು ಬಾಯಲ್ಲಿ ಬರುವುದಿಲ್ಲ.

ಎಲಿಜಬೆತ್ ಕೂಡ ತನ್ನ ಯಜಮಾನರ ಪೂರ್ತಿ ಹೆಸರು ಹಾಕಿಲ್ಲ. ಪಿ, ಜಿ. ಅಷ್ಟೇ. ಮೊದಲು ಓದಿದಾಗ ಹೆದರಿಕೆ ಎಂದುಕೊಂಡೆ. ಅಗಸೆಹೂ ಮೇಡಂ ಬರೆದದ್ದನ್ನು ಓದಿದ ಮೇಲೆ ಬೇರೆ ಕಾಣುತ್ತಿದೆ. ಹಾಸಿಗೆಯ ಹೊದಿಕೆಯ ಮೂಲೆಯಲ್ಲಿ ಯಜಮಾನನ ಮೊದಲಕ್ಷರವನ್ನು ಕೆಂಪು ದಾರದಲ್ಲಿ ಹೊಲಿಯುವುದು ಅವಳಂಥ ಹುಡುಗಿಯರ ಕೆಲಸವಾಗಿತ್ತು. ಬಟ್ಟೆ ಯಾರದು ಎಂದು ಹೇಳುವ ಗುರುತು ಅದು. ಅದೇ ಹೊಲಿಗೆಯಲ್ಲಿ, ಅದೇ ಬಣ್ಣದಲ್ಲಿ, ಅದೇ ಒಂಟಿ ಅಕ್ಷರದಲ್ಲಿ ಅವನ ಕೆಲಸ ಯಾವುದು ಎಂದು ಗುರುತು ಹಾಕಿಟ್ಟಳು. ಅವಳು ಹಾಗೆಂದು ಯೋಚಿಸಿ ಮಾಡಿದಳು ಎಂದು ನಾನು ಹೇಳುತ್ತಿಲ್ಲ. ಕೈಗೆ ರೂಢಿಯಾದದ್ದು ಹಾಗೆ ಬಂದಿರಬಹುದು. ಆದರೆ ತನ್ನ ಅಣ್ಣತಮ್ಮ ಅಕ್ಕತಂಗಿಯರ ಹೆಸರನ್ನು ಪೂರ್ತಿಯಾಗಿ ಹೊಲಿದವಳು, ಅವನಿಗೆ ಒಂದು ಅಕ್ಷರಕ್ಕಿಂತ ಹೆಚ್ಚು ದಾರ ಕೊಡಲಿಲ್ಲ.

ಗವಂತಿ
@ಹಿತ್ತಲ ಬಾಗಿಲು, ಮೂವತ್ತು ವರ್ಷ ಪಾಠ ಮಾಡಿದ ನನಗೆ ಇದು ಕಾಣಲಿಲ್ಲ. ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸಿ.

ಮೈಸೂರಿನ ಓದುಗ
ಕೊನೆಯ ಸಾಲಿನ ಬಗ್ಗೆ ಎರಡು ಮಾತು. "ನನ್ನ ಆತ್ಮದ ಗತಿ ಏನಾದೀತು" ಎಂಬುದನ್ನು ನಾವು ಬರೀ ದುಃಖದ ಉದ್ಗಾರವಾಗಿ ಓದುತ್ತೇವೆ. ಅವಳಿಗೆ ಅದು ನೇರವಾದ, ಲೆಕ್ಕದ ಪ್ರಶ್ನೆ. ಆತ್ಮಹತ್ಯೆ ಅಲ್ಲಿ ಪಾಪ ಮಾತ್ರವಲ್ಲ, ಅಪರಾಧವೂ ಆಗಿತ್ತು. ಹಾಗೆ ಸತ್ತವರನ್ನು ನಾಲ್ಕು ದಾರಿ ಕೂಡುವಲ್ಲಿ, ದೇಹಕ್ಕೆ ಮರದ ಗೂಟ ಬಡಿದು ಹೂಳುವ ಪದ್ಧತಿ 1823ರ ಕಾನೂನಿನವರೆಗೂ ಇತ್ತು. ಆಗ ಎಲಿಜಬೆತ್‌ಗೆ ಹತ್ತು ವರ್ಷ. ಹೊಸ ಕಾನೂನು ಚರ್ಚಿನ ಸ್ಮಶಾನದಲ್ಲಿ ಹೂಳಲು ಒಪ್ಪಿತು, ಆದರೆ ರಾತ್ರಿ ಒಂಬತ್ತರಿಂದ ಹನ್ನೆರಡರೊಳಗೆ, ಧಾರ್ಮಿಕ ವಿಧಿಯಿಲ್ಲದೆ. ಇಂಗ್ಲೆಂಡಿನಲ್ಲಿ ಆತ್ಮಹತ್ಯೆ ಅಪರಾಧವಲ್ಲ ಎಂದಾದದ್ದು 1961ರಲ್ಲಿ. ಇದನ್ನೆಲ್ಲ ಕೇಳುತ್ತಾ ಬೆಳೆದ ಹುಡುಗಿ ಆ ಯೋಚನೆಯನ್ನು ಮನೆಯವರಿಗೂ ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟವಿರಬೇಕು.

ವೇದಿಕೆಯ ನಿರ್ವಾಹಕಿ
ಚರ್ಚೆ ಮುಂದುವರಿಯಲಿ. ಇದನ್ನು ಓದುವಾಗ ಯಾರ ಮನಸ್ಸಾದರೂ ಭಾರವಾದರೆ, ಅಥವಾ ಅಂಥ ಯೋಚನೆಗಳು ಕಾಡುತ್ತಿದ್ದರೆ, 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಬೇಕಿಲ್ಲ.

ತುಂಗೆಯ ದಡ
ಕೇಳಲು ಭಯವಾಗುತ್ತಿದೆ. ಹೊಲಿಗೆ ನಿಂತದ್ದು ಏಕೆ? ಅವಳು ಬದುಕಿದಳೇ?

ದೂರದೂರಿನವಳು
@ತುಂಗೆಯ ದಡ, ಬದುಕಿದಳು ಸರ್. ನಾನು ಸಸೆಕ್ಸ್‌ನಲ್ಲಿ ನರ್ಸ್ ಆಗಿದ್ದೇನೆ, ಊರು ಶಿರಸಿ ಕಡೆ. ಈ ಬಟ್ಟೆಯ ಕಥೆ ಇಲ್ಲಿನ ಸಹೋದ್ಯೋಗಿಯೊಬ್ಬರಿಂದ ಮೊದಲೇ ಕೇಳಿದ್ದೆ.

ಆ ಹೊಲಿಗೆ ನಿಂತಲ್ಲಿ ಅವಳೂ ಮುಗಿದಳು ಎಂದು ಎಷ್ಟೋ ಮಂದಿ ಅಂದುಕೊಂಡಿದ್ದರು. ವಿದ್ವಾಂಸರು ಹಳೆಯ ದಾಖಲೆಗಳನ್ನು ಹುಡುಕಿದಾಗ ಬೇರೆಯೇ ಕಂಡಿತು. ಅವಳು ಆ್ಯಷ್‌ಬರ್ನ್‌ಹ್ಯಾಮ್‌ನಲ್ಲಿಯೇ ಉಳಿದಳು. ತಾಯಿಯಂತೆಯೇ ಶಾಲೆಯ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕಿಯಾದಳು. ಸಹೋದರಿಯೊಬ್ಬಳ ಮಗಳನ್ನು ತಾನೇ ಬೆಳೆಸಿದಳು. ತೀರಿಕೊಂಡದ್ದು 1889ರಲ್ಲಿ, ಎಪ್ಪತ್ತಾರನೆಯ ವಯಸ್ಸಿನಲ್ಲಿ.

ಈ ವಸಂತದಲ್ಲಿ ಒಂದು ರಜೆಯ ದಿನ ಆ ಹಳ್ಳಿಗೆ ಹೋಗಿದ್ದೆ. ಅರ್ಲ್‌ನ ಮನೆ ಈಗ ಕ್ರೈಸ್ತ ಪ್ರಾರ್ಥನಾ ಶಿಬಿರಗಳು ನಡೆಯುವ ಸ್ಥಳ. ಅದರ ಪಕ್ಕದಲ್ಲೇ ಸೇಂಟ್ ಪೀಟರ್ ಚರ್ಚ್. ಸುತ್ತ ಕುರಿಗಳು, ಕೆರೆ, ದೊಡ್ಡ ಮರಗಳು. ಹೊರಡುವಾಗ ಅನಿಸಿದ್ದು ಒಂದೇ: ಈ ಜಾಗವನ್ನು ಬಿಟ್ಟು ಹೋಗುವಾಗ ಅವಳಿಗೆ ಹದಿಮೂರು. ನನ್ನ ಮಗಳಿಗೆ ಈಗ ಹದಿಮೂರು.

ತುಂಗೆಯ ದಡ
ಎಪ್ಪತ್ತಾರು! ನನ್ನ ಹೆಂಡತಿಯನ್ನು ಅಡುಗೆಮನೆಯಿಂದ ಕೂಗಿ ಕರೆದು ಹೇಳಿದೆ. ಇಬ್ಬರಿಗೂ ನಮ್ಮ ಮನೆಯ ಹುಡುಗಿಯೇ ಬದುಕಿ ಬಂದಂತೆ ಆಯಿತು.

ಮೈಸೂರಿನ ಓದುಗ
ಹೀಗೆ ಬಟ್ಟೆಯ ಮೇಲೆ ಬರೆದುಕೊಂಡವರು ಇನ್ನೂ ಇದ್ದಾರೆ. ಜರ್ಮನಿಯ ಹೈಡೆಲ್‌ಬರ್ಗ್‌ನ ಪ್ರಿನ್ಸ್‌ಹಾರ್ನ್ ಸಂಗ್ರಹದಲ್ಲಿ ಒಂದು ಜಾಕೆಟ್ ಇದೆ. ಹೊಲಿಗೆ ಕೆಲಸ ಮಾಡುತ್ತಿದ್ದ ಆಗ್ನೆಸ್ ರಿಕ್ಟರ್ ಎಂಬಾಕೆ 1895ರಲ್ಲಿ ಮಾನಸಿಕ ಆಸ್ಪತ್ರೆಯೊಳಗೆ ತಾನೇ ಹೊಲಿದುಕೊಂಡದ್ದು. ಒಳಗೂ ಹೊರಗೂ ದಾರದಲ್ಲಿ ಬರಹ. ತೊಟ್ಟು ತೊಟ್ಟು ಸವೆದು ಬಹುಪಾಲು ಓದಲು ಆಗುವುದಿಲ್ಲ, "ನಾನು" ಎಂಬ ಪದ ಮಾತ್ರ ಮತ್ತೆ ಮತ್ತೆ ಕಾಣುತ್ತದೆ.

ಅಗಸೆಹೂ
ಆಗ್ನೆಸ್ ತನ್ನ ಮಾತನ್ನು ಮೈಮೇಲೆ ತೊಟ್ಟುಕೊಂಡಳು. ಎಲಿಜಬೆತ್ ಕೇಳುವವರೊಬ್ಬರು ಎದುರಿಗೆ ಇದ್ದಾರೆ ಎಂದುಕೊಂಡೇ ಶುರುಮಾಡಿದಳು. ನನ್ನ ಮಟ್ಟಿಗೆ ಆ ಮೊದಲ ಸಾಲೇ ಅವಳನ್ನು ಉಳಿಸಿತು.

ಚಂದ್ರಕಾಳಿ
ನಮ್ಮ ಕಸೂತಿಯಲ್ಲಿ ಇಂಥದ್ದು ಏಕಿಲ್ಲ ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಗೋಪುರ, ತೇರು, ತುಳಸಿಕಟ್ಟೆ, ಆನೆ ಅಂಬಾರಿ, ನವಿಲು, ಎಲ್ಲವೂ ಇವೆ. ಗಂಟು ಹಾಕುವಂತಿಲ್ಲ, ಬಟ್ಟೆಯ ಮೇಲೆ ಗುರುತು ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗವಂತಿ ಎಂಬ ಕಸೂತಿ ಹೊಲಿಗೆಯಲ್ಲಂತೂ ಎರಡೂ ಬದಿ ಒಂದೇ ರೀತಿ ಕಾಣಬೇಕು. ಲಿನನ್ ಮೇಲೆ ಗುರುತು ಹಾಕುವಾಗಲೂ ಎರಡೂ ಬದಿ ಸಮನಾಗಿ ಕಾಣುವಂಥ ಕ್ರಾಸ್ ಸ್ಟಿಚ್ ಒಂದಿತ್ತಂತೆ. ಅಂದರೆ ಕೈಚಳಕ ನಮ್ಮವರಲ್ಲಿಯೂ ಅಷ್ಟೇ ಇತ್ತು. ಆದರೆ ನನ್ನ ಮುತ್ತಜ್ಜಿಯ ಚಂದ್ರಕಾಳಿ ಸೀರೆಯ ಸೆರಗನ್ನು ಎಷ್ಟು ಹುಡುಕಿದರೂ ಒಂದು ಅಕ್ಷರ ಸಿಗಲಿಲ್ಲ. ಅವಳ ಹೆಸರು ಕೂಡ ಮನೆಯಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲ. "ದೊಡ್ಡವ್ವ" ಎನ್ನುತ್ತಾರೆ.

ಗವಂತಿ
@ಚಂದ್ರಕಾಳಿ, ತಂಗಿ, ಆ ಸೆರಗನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡು. ಅಕ್ಷರವನ್ನು ಹುಡುಕಬೇಡ. ಗೋಪುರದ ಸಾಲಿನಲ್ಲಿ ಎಲ್ಲೋ ಒಂದು ಕಡೆ ಎಣಿಕೆ ತಪ್ಪಿ ಒಂದು ಎಳೆ ಪಕ್ಕಕ್ಕೆ ಸರಿದಿರುತ್ತದೆ, ಮುಂದಿನ ಗೋಪುರದಲ್ಲಿ ಅದನ್ನು ಸರಿದೂಗಿಸಿರುತ್ತಾರೆ. ಯಾರೋ ಕರೆದಿರಬೇಕು, ಮಗು ಅತ್ತಿರಬೇಕು, ಹಾಲು ಉಕ್ಕಿರಬೇಕು. ನಾನು ಅಂಕ ಕಳೆಯುತ್ತಿದ್ದದ್ದು ಅಲ್ಲಿಯೇ. ಈಗ ಮತ್ತೆ ತಿದ್ದುವ ಅವಕಾಶ ಸಿಕ್ಕರೆ ಆ ಜಾಗದಲ್ಲಿ ಕೆಂಪು ಶಾಯಿ ಹಾಕಲಾರೆ.

ಚಂದ್ರಕಾಳಿ
ಸಿಕ್ಕಿತು ಅಕ್ಕಾ. ಎಡಗಡೆಯಿಂದ ಆರನೆಯ ಗೋಪುರ.

ಹಿತ್ತಲ ಬಾಗಿಲು
ನಿನ್ನೆ ಭಾನುವಾರ ಅಮ್ಮನ ಪಕ್ಕ ಕುಳಿತು ಈ ಚರ್ಚೆಯನ್ನೆಲ್ಲ ಓದಿ ಹೇಳಿದೆ. ಹುಡುಗಿಯ ಊರು, ಹನ್ನೊಂದು ಮಕ್ಕಳು, ಮೆಟ್ಟಿಲು, ಕೊನೆಗೆ ಟೀಚರ್ ಆದದ್ದು. ನನ್ನದೇ ಬರಹದ ಭಾಗ ಬಂದಾಗ ಬಿಟ್ಟುಬಿಡಬೇಕೆಂದಿದ್ದೆ, ಆದರೂ ಓದಿದೆ. ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು. "ಅಷ್ಟು ದಾರ ಯಾರು ಕೊಟ್ಟರು ಅವಳಿಗೆ?"

ನನಗೆ ಉತ್ತರ ತೋಚಲಿಲ್ಲ. ಕೂಲಿಯವನ ಮನೆಯಲ್ಲಿ ರೇಷ್ಮೆ ದಾರ, ಅದೂ 46 ಸಾಲಿಗೆ ಆಗುವಷ್ಟು. ಸ್ವಲ್ಪ ಹೊತ್ತಿನ ಬಳಿಕ ಅವಳೇ ಹೇಳಿದಳು: ಆ ದೊಡ್ಡ ಮನೆಯಲ್ಲಿ ಕಸ ಗುಡಿಸುವಾಗ ಸಿಗುತ್ತಿದ್ದ ಬಣ್ಣದ ದಾರದ ತುಂಡುಗಳನ್ನು ಒಂದು ಬಟ್ಟೆಯ ಚೀಲದಲ್ಲಿ ಕೂಡಿಟ್ಟಿದ್ದಳಂತೆ. ಆ ರಾತ್ರಿ ಓಡಿಬರುವಾಗ ತಂದದ್ದು ಅದೊಂದೇ. ಏನು ಹೊಲಿದೆ ಎಂದು ಕೇಳಿದೆ. "ಇನ್ನೂ ಇಲ್ಲ" ಎಂದಳು.

ಚೀಲ ಅಟ್ಟದ ಮೇಲಿದೆಯಂತೆ. ಸಂಜೆ ಏಣಿ ತರುತ್ತೇನೆ.